ಮಂಗಳಕ್ಕೆ ಹೊರಟ ಬಾಗಿಲು

ಉಳವಪ್ಪನಿಗೆ ಗೊತ್ತಿಲ್ಲದ ಸಂಗತಿಗಳು ಈ ಲೋಕದಲ್ಲಿ ಬೇಕಾದಷ್ಟಿದ್ದವು. ‘ಗೊತ್ತಿಲ್ಲ’ ಎನ್ನುವುದು ಮಾತ್ರ ಅವನ ಬಾಯಿಗೆ ಬರುತ್ತಿರಲಿಲ್ಲ.

ಮೊದಲಿನಿಂದ ಹೀಗಿರಲಿಲ್ಲ. ನವಿಲುತೀರ್ಥದ ದಾರಿಯಲ್ಲಿರುವ ಕಾಲುವೆ ಆಫೀಸಿನಲ್ಲಿ ಸಿಪಾಯಿಯಾಗಿ ಸೇರಿದ ಹೊಸತರಲ್ಲಿ ರೈತನೊಬ್ಬ ಬಂದು, “ನೀರು ಯಾವಾಗ ಬಿಡತಾರ್ರಿ?” ಎಂದು ಕೇಳಿದಾಗ ಅವನು ಪ್ರಾಮಾಣಿಕವಾಗಿ, “ಗೊತ್ತಿಲ್ರಿ” ಎಂದಿದ್ದ. ಆ ರೈತ ಅವನನ್ನು ಮೇಲಿಂದ ಕೆಳಗೆ ನೋಡಿ, “ಹಂಗಾರ ಇಲ್ಲಿ ಯಾಕ ಕುಂತಿ?” ಎಂದು ಕೇಳಿ ಸೀದಾ ಒಳಗೆ ನಡೆದುಬಿಟ್ಟಿದ್ದ. ಅಂದಿನಿಂದ ಉಳವಪ್ಪ ಎಚ್ಚೆತ್ತುಕೊಂಡ. ಯಾರು ಏನೇ ಕೇಳಲಿ, ಕಣ್ಣು ಅರ್ಧ ಮುಚ್ಚಿ, ಎಡಗೈಯಿಂದ ಮೀಸೆ ಒತ್ತಿಕೊಂಡು, “ಈಗ ಹೇಳಾಕ ಬರೂದಿಲ್ಲ” ಎನ್ನತೊಡಗಿದ. ಇವನಿಗೆ ಎಲ್ಲ ಗೊತ್ತಿದೆ, ಮೇಲಿನವರು ಬಾಯಿ ಕಟ್ಟಿದ್ದಾರೆ ಎಂದು ಜನ ತಾವೇ ತಿಳಿದುಕೊಳ್ಳುತ್ತಿದ್ದರು. ಒಮ್ಮೆ ಹೆಂಡತಿ ಗಂಗಾ, ಗಿರಣಿಯಿಂದ ಹಿಟ್ಟು ಯಾಕೆ ತರಲಿಲ್ಲ ಎಂದು ಕೇಳಿದಾಗಲೂ ಅಭ್ಯಾಸಬಲದಿಂದ ಇದನ್ನೇ ಹೇಳಿ, ಆ ರಾತ್ರಿ ಬರೀ ಬದನೆಕಾಯಿ ಪಲ್ಯ ತಿಂದು ಮಲಗಿದ್ದ.

ಮುನವಳ್ಳಿಯಲ್ಲಿ ಅವರಿದ್ದದ್ದು ದೇವಕ್ಕನ ಮನೆಯ ಮುಂಭಾಗದಲ್ಲಿ, ಬಾಡಿಗೆಗೆ. ಹಿಂಭಾಗದಲ್ಲಿ ದೇವಕ್ಕ. ಬಾಡಿಗೆ ಎಂಬುದು ಹೆಸರಿಗಷ್ಟೇ. ಗಂಗಾ ಅಂಗನವಾಡಿಗೆ, ಉಳವಪ್ಪ ಆಫೀಸಿಗೆ ಹೋದರೆ ಮಗಳು ಭಾಗ್ಯಾ ಉಂಡದ್ದು, ಮಲಗಿದ್ದು, ಹಟ ಮಾಡಿ ಹೊಡೆಸಿಕೊಂಡದ್ದು ಎಲ್ಲ ದೇವಕ್ಕನ ಕೈಯಲ್ಲೇ. ಈಗ ಆ ಹುಡುಗಿ ಒಂಬತ್ತನೆಯ ಇಯತ್ತೆಗೆ ಬಂದಿದ್ದಳು.

ಆ ಮನೆಯ ಮುಂಬಾಗಿಲಿನ ವಿಷಯ ಒಂದಿಷ್ಟು ಹೇಳಬೇಕು. ಮಲಪ್ರಭೆಗೆ ಆಣೆಕಟ್ಟು ಕಟ್ಟಿದಾಗ ದೇವಕ್ಕ ಇನ್ನೂ ಪರಕಾರ ಉಡುವ ಹುಡುಗಿ. ಅವಳ ಊರು ನೀರಿನಡಿ ಹೋಯಿತು. ಅವಳಪ್ಪ ಉಳಿದದ್ದನ್ನೆಲ್ಲ ಬಿಟ್ಟು, ಮನೆಯ ಜೋಡು ಕದಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದು, ಇಲ್ಲಿ ಮೊದಲು ಬಾಗಿಲು ನಿಲ್ಲಿಸಿ, ಆಮೇಲೆ ಅದರ ಸುತ್ತ ಗೋಡೆ ಕಟ್ಟಿಸಿದ್ದ. ಸಾಗವಾನಿ ಕದ, ಹೊರಮೈಗೆ ಹಿತ್ತಾಳೆ ಗುಬ್ಬಿಮೊಳೆ, ಒಳಮೈಗೆ ತೋಳಿನಷ್ಟು ದಪ್ಪನೆಯ ಚಿಲಕ. ದೇವಕ್ಕ ದಿನಾ ಅದನ್ನು ಒರೆಸುತ್ತಿದ್ದಳು. ಮನೆಯ ಉಳಿದ ಭಾಗವನ್ನು ಮನಸ್ಸು ಬಂದಾಗ.

ಇಂಥ ಮನೆಗೆ ಕುತ್ತು ತಂದದ್ದು ಒಂದು ನಕಾಶೆ.

ಭಾಗ್ಯಾಳ ಸಾಲೆಯಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಇನ್ನೊಂದು ಗ್ರಹವನ್ನು ಮನುಷ್ಯರು ಇರಲು ಯೋಗ್ಯ ಮಾಡಬೇಕಾದರೆ ಏನೇನು ತೊಡಕು ಬರುತ್ತವೆ ಎಂಬುದು ಅವಳ ಪಾಲಿಗೆ ಬಂದ ವಿಷಯ. ಹುಡುಗಿ ಒಂದು ಪರಾತದ ತುಂಬ ಕೆಂಪು ಮಣ್ಣು ಹರವಿ ಮೆಂತ್ಯೆ ಬಿತ್ತಿದಳು, ಅದರ ಮೇಲೆ ಗಾಜಿನ ಬೋಗುಣಿ ಬೋರಲು ಹಾಕಿದಳು, ಮಂಗಳ ಗ್ರಹದ ನಕಾಶೆ ಬರೆದಳು. ಅದನ್ನು ಬಸ್‌ಸ್ಟ್ಯಾಂಡ್ ಬಳಿಯ ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿಕೊಂಡು ಬರುವ ಕೆಲಸ ಅಪ್ಪನಿಗೆ ಬಿತ್ತು. ಉಳವಪ್ಪ ಹೆಡ್ ಕ್ಲಾರ್ಕರಿಗೆ, “ಆಫೀಸಿನ ಕೆಲಸದ ಮ್ಯಾಲೆ ಹೋಗಿ ಬರತೇನ್ರಿ” ಎಂದು ಹೇಳಿ ನಡುಮಧ್ಯಾಹ್ನ ಹೊರಬಿದ್ದ.

ನಕಾಶೆಯನ್ನು ಬಗಲಲ್ಲಿ ಇಟ್ಟುಕೊಂಡು ಅವನು ಅಕ್ಬರಸಾಬನ ಚಾದಂಗಡಿಯಲ್ಲಿ ಕೂತದ್ದೇ ತಪ್ಪಾಯಿತು. ಅಲ್ಲಿ ಪಕ್ಕದ ಮನೆಯ ಸುಭಾಸ ಇದ್ದ. ಸುಭಾಸ ಯಾವ ಸುದ್ದಿಯನ್ನೂ ಆರಲು ಬಿಡುವವನಲ್ಲ. ಅವನು ನಕಾಶೆಯ ಒಂದು ತುದಿ ಹಿಡಿದು ಎಳೆದ. ಅದು ಅವರು ಕೂತ ಬಾಕಿನ ಮೇಲೆ ಬಿಚ್ಚಿಕೊಂಡಿತು. ಮೇಲುತುದಿಯಲ್ಲಿ ‘ಮಂಗಳ ಗ್ರಹ’ ಎಂದು ಭಾಗ್ಯಾ ದಪ್ಪಕ್ಷರದಲ್ಲಿ ಬರೆದಿದ್ದಳು. ಆದರೆ ಆ ತುದಿ ಸುರುಳಿಯಾಗಿ ಉಳವಪ್ಪನ ಮೊಣಕೈ ಕೆಳಗೇ ಉಳಿಯಿತು.

“ಹೊಸ ವಸತಿ ಒಂದು, ಹೊಸ ವಸತಿ ಎರಡು,” ಸುಭಾಸ ಓದಿದ. “ನೀರು ಸಂಗ್ರಹ. ಏನಪಾ ಇದು?”

“ಏನಿಲ್ಲ ಬಿಡು.”

“ಯಾರಿಗಿ ವಸತಿ?”

“ಜನಕ್ಕ.”

“ಎಲ್ಲೆ? ರಾಮದುರ್ಗದ ಕಡೆ?”

“ರಾಮದುರ್ಗ ಯಾವ ಲೆಕ್ಕ. ಭಾಳ ದೂರ.”

ಅಕ್ಬರಸಾಬ ಬಿಸಿ ಚಾದ ಗ್ಲಾಸನ್ನು ಸರಿಯಾಗಿ ಹೊಸ ವಸತಿ ಎರಡರ ಮೇಲೆ ಇಟ್ಟ. “ಯಾಕ್ರಿ, ಇಲ್ಲಿ ಇರಾಕ ಏನಾಗೇತಿ ಈಗ?”

ಭಾಗ್ಯಾ ಮನೆಯಲ್ಲಿ ಭಾಷಣ ಬಾಯಿಪಾಠ ಮಾಡುವುದನ್ನು ಉಳವಪ್ಪ ದಿನಾ ಕೇಳಿದ್ದ. ಅದು ಅವನ ಬಾಯಿಂದ ತಾನಾಗಿ ಬಂತು. “ಮುಂದ ಇಲ್ಲಿ ಇರೂದು ಕಠಿಣ ಆಗಬಹುದು. ಈಗಿಂದಽ ಮತ್ತೊಂದು ಜಾಗಾ ತಯಾರ ಮಾಡಿ ಇಡಬೇಕು. ಆದ್ರ ಅಲ್ಲೆ ಮಣ್ಣು ಕೆಟ್ಟೈತಿ, ನೀರು ಆಳದಾಗೈತಿ, ಗಾಳಿ ಸುದ್ದಾ ಸರಿ ಇಲ್ಲ. ದೊಡ್ಡ ದೊಡ್ಡ ಮಂದಿ ಅದಕ್ಕಽ ತಲಿ ಕೆಡಿಸಿಕೊಂಡಾರ.”

ಸುಭಾಸ ದನಿ ಇಳಿಸಿ, “ಆಫೀಸಿಂದೇನು?” ಎಂದ.

ಮಗಳ ಸಾಲೆಯದು ಎಂದು ಹೇಳಿದರೆ ಅದು ಹೆಡ್ ಕ್ಲಾರ್ಕರ ಕಿವಿಗೆ ಮುಟ್ಟಲು ಒಂದು ಚಾ ಕುಡಿಯುವಷ್ಟು ಹೊತ್ತೂ ಬೇಡ. ಉಳವಪ್ಪ ಗಡಬಡಿಸಿ ನಕಾಶೆ ಸುತ್ತಿದ. “ಆಫೀಸಿಂದಲ್ಲ. ಆಫೀಸಿಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ.”

ಹೀಗೆ ಹೇಳಿ ಅವನು ಎದ್ದು ಹೋದ. ಬೇರೆ ಸೀಮೆಯಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಹಿನ್ನೀರಿನ ದಂಡೆಯ ಜನಕ್ಕೆ ನಕಾಶೆ, ಹೊಸ ವಸತಿ ಮತ್ತು ಕಾಲುವೆ ಆಫೀಸಿನ ಮನುಷ್ಯ ಒಂದೇ ಬಾಕಿನ ಮೇಲೆ ಕಾಣಿಸಿಕೊಂಡರೆ ಅದಕ್ಕೆ ಅರ್ಥ ಒಂದೇ. ಆಣೆಕಟ್ಟು ಎತ್ತರಿಸುತ್ತಾರೆ, ಊರು ಎಬ್ಬಿಸುತ್ತಾರೆ. ಆಫೀಸಿನವನು ತನ್ನ ಬಾಯಿಂದಲೇ ‘ಸಂಬಂಧ ಇಲ್ಲ’ ಎಂದ ಮೇಲೆ ಇನ್ನು ಸಂಶಯವೇ ಉಳಿಯಲಿಲ್ಲ.

ಹಿಂದೆ ಊರು ಎಬ್ಬಿಸಿದಾಗ ಹಿತ್ತಲಿನ ಗಿಡಗಳನ್ನೂ ಎಣಿಸಿ ಪರಿಹಾರ ಕೊಟ್ಟಿದ್ದರು ಎಂದು ಹಿರಿಯರು ಹೇಳುತ್ತಿದ್ದರು. ಸುಭಾಸ ಹೊತ್ತು ಮುಳುಗುವುದರೊಳಗೆ ನರ್ಸರಿಯಿಂದ ಚಿಕ್ಕು ಸಸಿಗಳನ್ನು ತಂದು ಹಿತ್ತಲ ತುಂಬ ಹಚ್ಚಿದ. ಎಷ್ಟು ಒತ್ತಾಗಿ ಹಚ್ಚಿದನೆಂದರೆ ಬೆಳಿಗ್ಗೆ ಚರಿಗೆ ಹಿಡಿದು ಹೋಗುವಾಗ ಮನೆಮಂದಿಯೆಲ್ಲ ಅಡ್ಡಡ್ಡ ನಡೆಯಬೇಕಾಯಿತು. ಅವನನ್ನು ನೋಡಿ ಓಣಿಯ ಮಂದಿಯೂ ಓಡಿದರು. ಚಿಕ್ಕು ಮುಗಿದಾಗ ಪೇರಲ ತಂದರು, ಪೇರಲ ಮುಗಿದಾಗ ನರ್ಸರಿಯವನು ಕೊಟ್ಟದ್ದನ್ನು ತಂದರು. ಒಬ್ಬ ದನದ ಕೊಟ್ಟಿಗೆಗೆ ಸುಣ್ಣ ಹೊಡೆಸಿ ಮುಂದೆ ತುಳಸಿ ಕಟ್ಟೆ ಕಟ್ಟಿಸಿದ. ಎಮ್ಮೆಯೊಂದು ತುಳಸಿ ತಿಂದುಕೊಂಡು ಆ ಮನೆಯ ಯಜಮಾನಿಯಂತೆ ನಿಂತಿತ್ತು.

ಮರುದಿನ ಬೆಳಿಗ್ಗೆ ಅಕ್ಬರಸಾಬ ಖಾರಿ ಬಿಸ್ಕೀಟಿನ ಪುಡಿಕೆ ಹಿಡಿದು ಉಳವಪ್ಪನ ಮನೆಗೇ ಬಂದ. ಬಂದವನು ಎಂದೂ ಕರೆಯದ ಹೆಸರಿನಿಂದ ಕರೆದ.

“ಸಾಹೇಬ್ರ, ನನಗ ಭಾಳ ಬ್ಯಾಡ. ಹೊಸ ಊರಾಗ ಬಸ್‌ಸ್ಟ್ಯಾಂಡ ಎದುರಿಗೆ ಒಂದು ಗೂಡಂಗಡಿಯಷ್ಟು ಜಾಗಾ. ನಮ್ಮ ಮನ್ಯಾಕಿ ಅಮೀರಬಿ ಮಸೂತಿ ಹಂತೇಕ ಇರಲಿ ಅಂತಾಳ. ನಾ ಅಂದೆ, ಮೊದಲ ಬಸ್‌ಸ್ಟ್ಯಾಂಡ ನೋಡೋಣು ಅಂತ.”

ನಕಾಶೆಯ ಮೇಲಿನ ಹೆಸರನ್ನು ಎಲ್ಲರೂ ಓದಿದ್ದಾರೆಂದೇ ಉಳವಪ್ಪ ತಿಳಿದಿದ್ದ. ಅಕ್ಬರಸಾಬ ಚೇಷ್ಟೆ ಮಾಡುತ್ತಿದ್ದಾನೆ, ತಾನೂ ಮಾಡೋಣ ಎಂದುಕೊಂಡ. ಮುಖ ಗಂಭೀರ ಮಾಡಿ, “ಅಲ್ಲೆ ಬಸ್ ಬರೂದು ಸಂಶೆ ಐತಿ, ಅಕ್ಬರಸಾಬ” ಎಂದ.

“ಬಸ್ ಇಲ್ಲಂದ್ರ ಹೋದ ಮಂದಿ ತಿರುಗಿ ಹೆಂಗ ಬರಬೇಕ್ರಿ?”

“ಹೋದವರು ತಿರುಗಿ ಬರೂದು ಎಲ್ಲಿಂದ ಬಂತು.”

ಅಕ್ಬರಸಾಬನ ಮುಖ ಸಣ್ಣಗಾಯಿತು. “ಇರಲಿ, ಅಲ್ಲೇ ಇದ್ದ ಮಂದೀಗೆ ಚಾ ಮಾರತೇನಿ.”

“ಒಲಿ ಹತ್ತೂದಽ ಅನುಮಾನ. ಬೆಂಕೀಗೆ ಗಾಳಿ ಬೇಕಲ್ಲ? ಅಲ್ಲಿ ಅದೂ ಇಲ್ಲ.”

ಸರಕಾರದವರು ಕಠಿಣ ಮಂದಿ ಎಂದು ಅಕ್ಬರಸಾಬನಿಗೆ ಗೊತ್ತಿತ್ತು, ಇಷ್ಟು ಎಂದು ಗೊತ್ತಿರಲಿಲ್ಲ. ಪುಡಿಕೆಯನ್ನು ಕಟ್ಟೆಯ ಮೇಲೆ ಇಟ್ಟು, “ಬಿಸ್ಕೀಟ ಇರಲಿ, ಹುಡುಗಿಗೆ” ಎಂದು ತಲೆ ತಗ್ಗಿಸಿ ಹೋದ.

ಉಳವಪ್ಪ ಆಫೀಸಿಗೆ ಹೋಗುವಷ್ಟರಲ್ಲಿ ಅಲ್ಲಿ ಮುನವಳ್ಳಿಯ ಅರ್ಧ ಊರೇ ನಿಂತಿತ್ತು. ಇಂಜಿನಿಯರ್ ಮಧು ಮೇಡಂ ವರ್ಗವಾಗಿ ಬಂದು ಬಹಳ ದಿನವಾಗಿರಲಿಲ್ಲ. ಯಾವ ಗೇಟು ಎಲ್ಲಿದೆ ಎಂದು ತಿಳಿದುಕೊಳ್ಳುವಷ್ಟರಲ್ಲಿ, ಹೊಸ ಊರನ್ನು ಯಾವ ಗುಡ್ಡದ ಕೆಳಗೆ ಇಡುತ್ತೀರಿ ಎಂದು ಜನ ಕೇಳುತ್ತಿದ್ದರು. ಮೇಡಂ ಉಳವಪ್ಪನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು.

“ಉಳವಪ್ಪ, ಡ್ಯಾಮ್ ಎತ್ತರ ಮಾಡ್ತಾರೆ ಅಂತಿದ್ದಾರಲ್ಲ. ನನಗೆ ಯಾವ ಪತ್ರನೂ ಬಂದಿಲ್ಲ. ನಿಮಗೆ ಏನಾದರೂ ಗೊತ್ತಾ?”

ಡ್ಯಾಮಿನ ಮಾತು ಅವನು ಕೇಳಿದ್ದೇ ಅದೇ ಮೊದಲು. ಆದರೆ ‘ಗೊತ್ತಾ’ ಎಂಬ ಪ್ರಶ್ನೆ ಕಿವಿಗೆ ಬಿದ್ದಕೂಡಲೇ ಎಡಗೈ ಮೀಸೆಗೆ ಹೋಯಿತು.

“ಈಗ ಹೇಳಾಕ ಬರೂದಿಲ್ರಿ, ಮೇಡಂ.”

ಮೇಡಂ ಬಿಳಿಚಿಕೊಂಡರು. ಸಿಪಾಯಿಗೆ ತಿಳಿದದ್ದು ತಮಗೆ ತಿಳಿದಿಲ್ಲವೆಂದರೆ ಮೇಲಿನವರು ತಮ್ಮನ್ನು ಬೇಕೆಂದೇ ಬಿಟ್ಟಿದ್ದಾರೆ. ಇಲ್ಲ ಎಂದು ಹೇಳಿ ನಾಳೆ ಹೌದಾದರೆ ಕುತ್ತಿಗೆಗೆ ಬರುತ್ತದೆ. ಅವರು ಹೊರಗೆ ಹೋಗಿ, “ಆದೇಶ ಬಂದ ಕೂಡಲೇ ತಿಳಿಸಲಾಗುವುದು” ಎಂದರು. ಜನ ನಿಟ್ಟುಸಿರಿಟ್ಟು, ತಾವು ತಿಳಿದದ್ದು ಸರಿಯೇ ಇತ್ತೆಂಬ ಸಮಾಧಾನದಲ್ಲಿ ತಿರುಗಿದರು.

ಗುಂಪಿನಲ್ಲಿದ್ದ ಸುಭಾಸ ಉಳವಪ್ಪನ ಬೆನ್ನು ಚಪ್ಪರಿಸಿದ. “ನಿನ್ನ ನಕಾಶಿ ಕಣ್ಣಿಗೆ ಬಿದ್ದದ್ದು ಚಲೋ ಆತು ನೋಡು. ಬರೊಬ್ಬರಿ ವ್ಯಾಳ್ಯಾಕ್ಕ ಗಿಡಾ ಹಚ್ಚಿದೆ.”

ಉಳವಪ್ಪನಿಗೆ ಆಗ ತಿಳಿಯಿತು. “ಯಪ್ಪಾ, ಅದರ ಮ್ಯಾಲೆ ಮಂಗಳ ಗ್ರಹ ಅಂತ ಬರದಿತ್ತಲ್ಲೋ.”

“ಹೊಸ ಊರಿಗೆ ಏನರ ಒಂದು ಹೆಸರು ಇಟ್ಟಿರತಾರ ಬಿಡು,” ಎಂದ ಸುಭಾಸ. “ಹೆಸರಿನಾಗ ಏನೈತಿ, ನೀರಿನ ಅನುಕೂಲ ಇದ್ರ ಸಾಕು.”

ಎಲ್ಲರಿಗೂ ತಿಳಿಹೇಳಬೇಕು, ಮೊದಲು ದೇವಕ್ಕನಿಗೆ ಹೇಳಬೇಕು ಎಂದು ಉಳವಪ್ಪ ಮನೆಗೆ ಓಡಿದ. ತಲೆ ತಗ್ಗಿಸಿ ಬಂದವನು ರೂಢಿಯಂತೆ ಬಾಗಿಲು ದೂಡಲು ಕೈ ಚಾಚಿದ. ಕೈಗೆ ಏನೂ ತಗುಲಲಿಲ್ಲ. ಆಯ ತಪ್ಪಿ ನಡುಮನೆಯೊಳಗೆ ಹೋಗಿ ಬಿದ್ದ.

ಬಾಗಿಲು ಇರಲಿಲ್ಲ.

ಎರಡೂ ಕದಗಳು ಹೊರಗೆ ನಿಂತಿದ್ದ ಟೆಂಪೋದ ಮೇಲೆ ಹಾಸಿಕೊಂಡಿದ್ದವು. ಬೈಲಹೊಂಗಲದಿಂದ ಬಂದ ದೇವಕ್ಕನ ತಮ್ಮನ ಮಗ ಗೌರೀಶ ಅವಕ್ಕೆ ಹಗ್ಗ ಬಿಗಿಯುತ್ತಿದ್ದ. ಒಳಗೆ ಯಾರದೋ ಆಡು ಹೊಕ್ಕು, ಗಾಜಿನ ಬೋಗುಣಿ ಉರುಳಿಸಿ, ಮಂಗಳ ಗ್ರಹದ ಮೊದಲ ಬೆಳೆಯನ್ನು ಬೇರಿನ ತನಕ ಮೇಯುತ್ತಿತ್ತು. ದೇವಕ್ಕ ಕಟ್ಟೆಯ ಮೇಲೆ ಗಂಟು ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು.

“ದೇವಕ್ಕಾ, ಏನೂ ಇಲ್ಲ. ಯಾರೂ ಎಬ್ಬಸೂದಿಲ್ಲ. ಅದು ಭಾಗ್ಯಾನ ಸಾಲಿ ನಕಾಶಿ.”

ದೇವಕ್ಕ ಅವನನ್ನು ಸಿಟ್ಟಿನಿಂದಲ್ಲ, ಕನಿಕರದಿಂದ ನೋಡಿದಳು. “ಅಂದೂ ಒಬ್ಬಾಂವ ಬಂದಿದ್ದ, ತಮ್ಮಾ. ಹಿಂಗಽ ನಕಾಶಿ ಬಗಲಾಗ ಇಟಗೊಂಡು. ನಮ್ಮಪ್ಪ ಕೇಳಿದ್ರ, ಏನೂ ಇಲ್ಲಪಾ, ಸುಮ್ನ ಅಳ್ಯಾಕ ಬಂದೇನಿ ಅಂದ. ಚಲೋ ಮನಶ್ಯಾ. ನಮ್ಮ ಮನ್ಯಾಗ ಮಜ್ಜಗಿ ಕುಡದು ಹ್ವಾದ. ಮುಂದಿನ ಮಳಿಗಾಲಕ್ಕ ನಮ್ಮ ಅಂಗಳದಾಗ ಮೀನು.”

“ಖರೇನ ಹೇಳಾಕತ್ತೇನಿ ನಾ.”

“ನೀ ಯಾಕ ಹೇಳತಿ, ಆಫೀಸಿನಾಂವ. ನಿನಗ ಹೇಳಬ್ಯಾಡ ಅಂದಿರತಾರ, ನಿನ್ನ ತಪ್ಪಲ್ಲ. ಒಮ್ಮಿ ಅವರು ಏಳು ಅಂದಾಗ ಎದ್ದೇನಿ. ಈ ಸಲ ಅವರು ಅನ್ನೂದರೊಳಗ ನಾನಽ ಎದ್ದು ಹೊಂಟೇನಿ.”

ಗೌರೀಶ ಹಗ್ಗದ ತುದಿ ಕಟ್ಟುತ್ತಲೇ ಉಳಿದದ್ದನ್ನು ಹೇಳಿದ. ನಾಳೆ ಅತ್ತೆಯನ್ನು ಬೈಲಹೊಂಗಲಕ್ಕೆ ಕರೆದುಕೊಂಡು ಹೋಗುತ್ತಾನೆ. ಮನೆ ಹಿಡಿಯಲು ಹತ್ತಿಯ ವ್ಯಾಪಾರಿಯೊಬ್ಬ ತಯಾರಿದ್ದಾನೆ. ಮುಳುಗುವ ತನಕ ಗೋದಾಮು ಮಾಡಿಕೊಳ್ಳುತ್ತಾನಂತೆ. ನಾಳೆ ಸಂಜೆ ಅವನಿಗೆ ಮಾತು ಕೊಡುವುದು. “ನಿಮಗೇನ್ರಿ ಚಿಂತಿ, ಆಫೀಸಿನವರು ಕ್ವಾರ್ಟರ್ಸ್ ಕೊಡತಾರಲ್ಲ” ಎಂದೂ ಸೇರಿಸಿದ. ಉಳವಪ್ಪನಿಗೆ ಆಫೀಸಿನವರು ಇಷ್ಟು ವರ್ಷದಲ್ಲಿ ಕೊಟ್ಟದ್ದು ಒಂದು ಸ್ಟೂಲು. ಅದರ ಒಂದು ಕಾಲು ಮೋಟು.

ಗಂಗಾ ಆಡನ್ನು ಹೊರಗೆ ಅಟ್ಟಿ, ಬಾಗಿಲಿಲ್ಲದ ಬಾಗಿಲಲ್ಲಿ ನಿಂತು ಗಂಡನನ್ನು ನೋಡಿದಳು. “ಮಂಗಳದಾಗ ಮಂದಿಗೆ ಮನಿ ಮಾಡಾಕ ಹೋಗಿ ನಮ್ಮ ಮನಿ ಬಾಗಲಾ ಕಿತ್ತಿಸಿದ್ರಿ. ಗೊತ್ತಿಲ್ಲ ಅಂತ ಒಂದು ಮಾತು ಅಂದಿದ್ರ ನಿಮ್ಮ ನಾಲಿಗಿ ಸವೀತಿತ್ತೇನು?”

ಉಳವಪ್ಪ ಬಾಯಿ ತೆರೆದ. ಅಲ್ಲಿ ಸಿದ್ಧವಿದ್ದದ್ದು ‘ಈಗ ಹೇಳಾಕ ಬರೂದಿಲ್ಲ’ ಎಂಬುದೊಂದೇ. ತಿರುಗಿ ಮುಚ್ಚಿದ. ಆ ರಾತ್ರಿ ಗಂಗಾಳ ಹಳೆಯ ಸೀರೆ ಬಾಗಿಲಾಯಿತು, ಉಳವಪ್ಪ ಚಿಲಕದಂತೆ ಹೊಸ್ತಿಲಿಗೆ ಅಡ್ಡ ಮಲಗಿದ.

ಬೆಳಿಗ್ಗೆ ದೇವಕ್ಕ ಟೆಂಪೋ ಹತ್ತುವಾಗ ಗಂಗಾ ಅವಳ ಕೈ ಹಿಡಿದಳು. “ಅತ್ತಿ, ಹೋಗೂದು ಹೊಂಟೀರಿ. ಕೂಸಿಗೆ ಮಾತು ಕಲಿಸಿದವರು ನೀವು. ಇವತ್ತು ನಾಕು ಮಂದಿ ಮುಂದ ಮಾತಾಡತಾಳ. ಅದೊಂದು ಕೇಳಿ ಹೋಗ್ರಿ.” ಇದಕ್ಕೆ ದೇವಕ್ಕ ಇಲ್ಲ ಎನ್ನಲಾಗಲಿಲ್ಲ. ಹೀಗಾಗಿ ಟೆಂಪೋ, ಗಂಟು, ಬಾಗಿಲು ಸಮೇತ ಸಾಲೆಯ ಅಂಗಳಕ್ಕೆ ಬಂದು ನಿಂತಿತು.

ಉಳವಪ್ಪನ ನಕಾಶೆಯನ್ನು ಇಂದು ಸಾಲೆಯಲ್ಲಿ ಸಾರ್ವಜನಿಕರಿಗೆ ತೋರಿಸುತ್ತಾರೆಂದು ಸುಭಾಸ ಓಣಿ ಓಣಿ ತಿರುಗಿ ಹೇಳಿದ್ದ. ಪಾಲಕರ ಸಭೆಗೆ ಹತ್ತು ಜನ ಬಾರದ ಸಾಲೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ವಿಜ್ಞಾನದ ಬಗ್ಗೆ ಊರಿಗೆ ಹುಟ್ಟಿದ ಈ ಪ್ರೀತಿಯನ್ನು ನೋಡಿ ಮುಖ್ಯೋಪಾಧ್ಯಾಯರ ಕಣ್ಣಲ್ಲಿ ನೀರು ಬಂತು. ಅವರು ಟೆಂಪೋದ ಮೇಲಿನ ಕದ ಕಂಡು, “ಇದೂ ಮಂಗಳದ ಮನೀದೇನ್ರಿ? ಭಾಳ ಗಟ್ಟಿ ಮಾಡ್ಯಾರ” ಎಂದು ಮೆಚ್ಚಿಕೊಂಡು ಹೋದರು. ಮುಖ್ಯ ಅತಿಥಿಯಾಗಿ ಬಂದವರು ಮಧು ಮೇಡಂ. ಎದುರಿಗೆ ನಿನ್ನೆಯ ಗುಂಪೇ ಕೂತದ್ದನ್ನು ಕಂಡು ಅವರು ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಸರಿದರು.

ಭಾಗ್ಯಾ ನಕಾಶೆಯ ಪಕ್ಕ ನಿಂತಳು. ಪರಾತದಲ್ಲಿ ಬರೀ ಕೆಂಪು ಮಣ್ಣು, ಅದರಲ್ಲಿ ಆಡಿನ ಗೊರಸಿನ ಗುರುತು.

“ಮಾನ್ಯರೆ, ಇದು ಮಂಗಳ ಗ್ರಹ. ಇಲ್ಲಿ ಮನುಷ್ಯರು ವಾಸಿಸಬೇಕಾದರೆ...”

“ಆ ಊರಿನ ಹದ್ದು, ಸೀಮಿ ಎಲ್ಲಿಂದ ಎಲ್ಲೀತನಕ?” ಸುಭಾಸ ಹಿಂದಿನಿಂದ ಕೇಳಿದ.

“ನಮ್ಮ ಭೂಮಿಯ ಅರ್ಧದಷ್ಟು ಅಗಲ, ಕಾಕಾ.”

“ಭೂಮಿ ಹೆಂಗೈತಿ? ಕರಿ ಎರಿಯೋ, ಕೆಂಪ ಮಸಾರಿಯೋ?” ಎಂದರು ಒಬ್ಬ ಹಿರಿಯರು.

“ಕೆಂಪು ಮಣ್ಣು, ಅಜ್ಜಾ. ಅದರಾಗ ವಿಷದಂಥ ಉಪ್ಪೈತಿ. ತೊಳೀದಽ ಏನೂ ಬೆಳಿಯಾಕ ಬರೂದಿಲ್ಲ.”

“ಸವಳು ಹತ್ತೇತಿ,” ಹಿರಿಯರು ಪಕ್ಕದವನಿಗೆ ಹೇಳಿದರು. “ನೀರು ಬಿಟ್ಟು ಬಸಿಗಾಲಿವಿ ಹೊಡದ್ರ ಹೋಕ್ಕೈತಿ.”

“ನೀರೆಲ್ಲ ಹೆಪ್ಪುಗಟ್ಟೇತಿ, ಅಜ್ಜಾ. ಗಾಳಿ ಭಾಳ ತೆಳ್ಳಗೈತಿ, ಉಸರಾಡಾಕ ಬರೂದಿಲ್ಲ. ಗಾಜಿನ ಮನ್ಯಾಗ ಇರಬೇಕು.”

“ಗಾಜಿನ ಮನ್ಯಾಗ ಹೆಣ್ಮಕ್ಕಳು ಜಳಕಾ ಎಲ್ಲಿ ಮಾಡಬೇಕು?” ಎಂದು ಹೆಂಗಸರ ಕಡೆಯಿಂದ ಪ್ರಶ್ನೆ ಬಂತು. ಭಾಗ್ಯಾ ಅದನ್ನು ಓದಿರಲಿಲ್ಲ.

“ಬಸ್ ಇಲ್ಲಂತ ಹೌದೇನವಾ?” ಅಕ್ಬರಸಾಬ ಕೇಳಿದ.

“ಬಸ್ ಹೋಗೂದಿಲ್ಲ, ಕಾಕಾ. ರಾಕೆಟ್‌ನ್ಯಾಗ ಹೋಗಬೇಕು. ಮುಟ್ಟಾಕ ತಿಂಗಳಗಟ್ಟಲೆ ಹಿಡೀತೈತಿ.”

ಸರಕಾರ ಎಷ್ಟು ದೂರ ಒಗೆದರೂ ರಾಕೆಟ್ಟಿನಲ್ಲಿ ಒಗೆಯುತ್ತದೆ ಎಂದು ಯಾರೂ ಎಣಿಸಿರಲಿಲ್ಲ. ಅಕ್ಬರಸಾಬ ನಕಾಶೆಯ ಹತ್ತಿರ ಹೋಗಿ ಬಗ್ಗಿ ನೋಡಿದ. ಹೊಸ ವಸತಿ ಎರಡರ ಮೇಲೆ ಕಂದು ಬಣ್ಣದ ಉಂಗುರವಿತ್ತು.

“ಅರೆ, ಇದು ನನ್ನ ಚಾದ ಗ್ಲಾಸಿನ ಗುರ್ತು.”

“ಅದು ಉಲ್ಕೆ ಬಿದ್ದ ತೆಗ್ಗು, ಕಾಕಾ,” ಎಂದಳು ಭಾಗ್ಯಾ ಸಣ್ಣ ದನಿಯಲ್ಲಿ. ಸಾಲೆಯ ಮಾಸ್ತರರು ಅದೊಂದನ್ನು ವಿಶೇಷವಾಗಿ ಹೊಗಳಿದ್ದರು.

ನಕಾಶೆ ಅದೇ ಎಂದು ಆಗ ಎಲ್ಲರಿಗೂ ತಿಳಿಯಿತು. ತಲೆಗಳೆಲ್ಲ ಒಟ್ಟಿಗೆ ತಿರುಗಿ, ಗೋಡೆಗೆ ಅಂಟಿಕೊಂಡು ನಿಂತಿದ್ದ ಉಳವಪ್ಪನ ಮೇಲೆ ನಿಂತವು. ಯಾರಾದರೂ ಏನಾದರೂ ಅನ್ನುವ ಮೊದಲೇ ದೇವಕ್ಕ ಎದ್ದು ಮೊಮ್ಮಗಳಂಥ ಹುಡುಗಿಯ ಮುಂದೆ ಹೋಗಿ ನಿಂತಳು.

“ಕೂಸ, ಆ ಊರಾಗ ಈಗ ಯಾರದಾರ?”

“ಯಾರೂ ಇಲ್ಲಜ್ಜಿ.”

“ಅವರನ್ನ ಎಬ್ಬಿಸಿ ನಮ್ಮನ್ನ ಇಡೂದಲ್ಲ?”

“ಅಲ್ಲಜ್ಜಿ.”

“ಅದಕ್ಕಂತ ಯಾರ ಊರೂ ಮುಳಗಸೂದಿಲ್ಲ?”

“ಇಲ್ಲಜ್ಜಿ. ಅಲ್ಲಿ ಮುಳಗಾಕ ನೀರಽ ಇಲ್ಲ.”

“ಮತ್ತ ಯಾವಾಗ ಹೋಗೂದು?”

“ಗಾಜಿನ ಮನಿ ಬಿಟ್ಟು ಹೊರಗ ಅಡ್ಡ್ಯಾಡೂ ಹಂಗ ಆಗಬೇಕಂದ್ರ ಸಾವಿರಾರು ವರ್ಷ ಬೇಕಾಗಬಹುದಂತ. ಆಗತೈತೋ ಇಲ್ಲೋ, ಅದೂ ಯಾರಿಗೂ ಗೊತ್ತಿಲ್ಲ.”

ಹುಡುಗಿ ಅದನ್ನು ಎಷ್ಟು ಸಲೀಸಾಗಿ ಅಂದಳೆಂದರೆ ಉಳವಪ್ಪ ಬೆರಗಾಗಿ ನೋಡಿದ. ಯಾರೂ ಅವಳನ್ನು, ಹಂಗಾರ ಇಲ್ಲಿ ಯಾಕ ನಿಂತಿ ಎಂದು ಕೇಳಲಿಲ್ಲ. ಮುಖ್ಯೋಪಾಧ್ಯಾಯರಂತೂ ತಲೆದೂಗಿದರು.

ಮಧು ಮೇಡಂ ಎದ್ದು ನಿಂತರು. “ಉಳವಪ್ಪ, ಹಾಗಾದರೆ ಡ್ಯಾಮ್ ಎತ್ತರದ ವಿಷಯ ನಿಮಗೆ ಏನು ಗೊತ್ತು? ಎಲ್ಲರ ಮುಂದೆ ಹೇಳಿ.”

ಊರೆಲ್ಲ ನೋಡುತ್ತಿತ್ತು. ಎಡಗೈ ತಾನಾಗಿ ಎದ್ದು ಮೀಸೆಯ ತನಕ ಬಂತು. ಉಳವಪ್ಪ ಅದನ್ನು ಬಲಗೈಯಿಂದ ಹಿಡಿದು ಕೆಳಗಿಳಿಸಿದ.

“ಗೊತ್ತಿಲ್ರಿ.”

ಮೇಡಂ ಕುರ್ಚಿಯಲ್ಲಿ ಕುಸಿದು ಕೂತು, ನಿನ್ನೆಯಿಂದ ಹಿಡಿದಿಟ್ಟ ಉಸಿರನ್ನು ಬಿಟ್ಟರು. ದೇವಕ್ಕ ಮಾತ್ರ ಅವನ ಹತ್ತಿರ ನಡೆದು ಬಂದು ಮುಖಕ್ಕೆ ಮುಖ ಇಟ್ಟು ನೋಡಿದಳು.

“ಮತ್ತೊಮ್ಮಿ ಅನ್ನು.”

“ಗೊತ್ತಿಲ್ಲ, ದೇವಕ್ಕಾ. ಡ್ಯಾಮಿಂದು ಗೊತ್ತಿಲ್ಲ, ನೀರಿಂದು ಗೊತ್ತಿಲ್ಲ. ಆ ಆಫೀಸಿನಾಗ ಒಳಗ ಏನ ಮಾಡತಾರ ಅನ್ನೂದಽ ನನಗ ಇಷ್ಟು ವರ್ಷ ಗೊತ್ತಿಲ್ಲ. ನಾ ಹೊರಗ ಸ್ಟೂಲಿನ ಮ್ಯಾಲೆ ಕುಂದರಾಂವ.”

ದೇವಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. “ಅಂದು ಬಂದಾಂವ ಏನೂ ಇಲ್ಲ ಅಂದಿದ್ದ. ಗೊತ್ತಿಲ್ಲ ಅಂದಿರಲಿಲ್ಲ. ಆಫೀಸಿನವರ ಬಾಯಾಗ ಈ ಮಾತು ಇದಽ ಮೊದಲ ಸಲ ಕೇಳಿದೆ.” ಅವಳು ಟೆಂಪೋದ ಕಡೆ ತಿರುಗಿದಳು. “ಗೌರೀಶಾ, ಗಾಡಿ ಮನಿ ಕಡೆ ಹೊಳ್ಳಸು. ಹತ್ತೀಯವಗ ಬ್ಯಾರೆ ಗೋದಾಮ ನೋಡಕೋ ಅನ್ನು.”

ಅಂಗಳದಲ್ಲಿ ಮೊದಲು ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಊರು ಇದ್ದಲ್ಲೇ ಇದೆ ಎಂಬ ಸಂತೋಷದಲ್ಲಿ ಅಕ್ಬರಸಾಬ ಎಲ್ಲರಿಗೂ ಚಾ ಮಾಡಲು ಕೂತ. ಗಾಳಿಯಿತ್ತು, ಒಲೆ ಹತ್ತಿತು. ಭಾಗ್ಯಾಳಿಗೆ ಎರಡನೆಯ ಬಹುಮಾನ ಬಂತು. ಬೆಳೆಯಿಲ್ಲದ ಪರಾತವೇ ಮಂಗಳದ ಕಷ್ಟವನ್ನು ಚೆನ್ನಾಗಿ ತೋರಿಸುತ್ತದೆ ಎಂದು ತೀರ್ಪುಗಾರರು ಹೇಳಿದರು. ಆಡಿನ ಹೆಸರನ್ನು ಯಾರೂ ಎತ್ತಲಿಲ್ಲ.

ಸಂಜೆ ಉಳವಪ್ಪ, ಗೌರೀಶ, ಅಕ್ಬರಸಾಬ ಮೂವರೂ ಸೇರಿ ಕದ ನಿಲ್ಲಿಸಿದರು. ನಿಲ್ಲಿಸಿ ಬೆವರು ಒರೆಸಿಕೊಳ್ಳುವಾಗ ಎಡದ ಕದ ಬಲಕ್ಕೆ, ಬಲದ್ದು ಎಡಕ್ಕೆ ಹೋದದ್ದು ಕಾಣಿಸಿತು. ಹಿತ್ತಾಳೆ ಗುಬ್ಬಿಗಳೆಲ್ಲ ನಡುಮನೆ ನೋಡುತ್ತಿದ್ದವು. ತೋಳಿನಷ್ಟು ದಪ್ಪನೆಯ ಚಿಲಕ ಹೊರಗೆ ಓಣಿಯ ಕಡೆ ಇತ್ತು.

“ಇರಲಿ ಬಿಡ್ರಿ,” ಎಂದಳು ದೇವಕ್ಕ, ಅದನ್ನು ಆಗಲೇ ಒರೆಸುತ್ತ. “ನಾಳಿ ತಿರುವಿದ್ರಾತು. ಇವತ್ತಿಗೆ ಬಾಗಲಾ ಐತಲ್ಲ, ಸಾಕು.”

ಪಕ್ಕದ ಗೋಡೆಯ ಮೇಲಿನಿಂದ ಸುಭಾಸನ ತಲೆ ಕಾಣಿಸಿತು. “ಉಳವಪ್ಪಾ, ಮಂದಿ ಮುಂದ ಅಂದದ್ದು ಇರಲಿ. ನನ್ನ ಮುಂದ ಖರೇ ಹೇಳು. ಎತ್ತರ ಮಾಡತಾರೋ ಇಲ್ಲೋ?”

“ಗೊತ್ತಿಲ್ಲೋ, ಮಾರಾಯಾ.”

ಸುಭಾಸ ವಿಚಾರ ಮಾಡಿದ. ಉಳವಪ್ಪನಂಥವನೇ ಗೊತ್ತಿಲ್ಲ ಎನ್ನಬೇಕಾದರೆ ಇದರಲ್ಲಿ ಏನೋ ಇರಲೇಬೇಕು. ಅವನು ತಲೆ ಕೆಳಗೆ ತೆಗೆದುಕೊಂಡ. ಸ್ವಲ್ಪ ಹೊತ್ತಿಗೆ ಚಿಕ್ಕು ಸಸಿಗಳಿಗೆ ನೀರು ಹೊಯ್ಯುವ ಸದ್ದು ಬಂತು.

ದೀಪ ಹಚ್ಚುವ ಹೊತ್ತಿಗೆ ಗೌರೀಶ ಟೆಂಪೋ ಹತ್ತಿ ಹೋದ, ಅಕ್ಬರಸಾಬ ಅಂಗಡಿಗೆ ಹೋದ. ಹೆಂಗಸರು ಒಳಗೆ ರೊಟ್ಟಿಗೆ ಕೂತರು. ನಿನ್ನೆಯ ಆಡು ಓಣಿಯ ತುದಿಯಲ್ಲಿ ನಿಂತು ಈ ಮನೆಯ ಕಡೆಗೇ ನೋಡುತ್ತಿತ್ತು. ಉಳವಪ್ಪ ಅದನ್ನು ಕಂಡು ಎರಡೂ ಕದ ಎಳೆದು, ಚಿಲಕ ಭದ್ರವಾಗಿ ಜಡಿದು, ಕಟ್ಟೆಯ ಮೇಲೆ ಕಾಲು ಚಾಚಿ ಕೂತ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ, ದೇವಕ್ಕ ಭಾಗ್ಯಾಳನ್ನು ಏನೋ ಬೈಯುವ ದನಿ. ಗಾಳಿ ಹಿನ್ನೀರಿನ ಮೇಲಿಂದ ತಂಪಾಗಿ ಬೀಸುತ್ತಿತ್ತು, ಉಸಿರಾಡಲು ಏನೂ ತೊಂದರೆಯಿರಲಿಲ್ಲ.

ಒಳಗಿನಿಂದ ಗಂಗಾ ಕೂಗಿದಳು. “ಚಿಲಕಾ ಹಾಕಿದ್ರ್ಯಾ?”

“ಹಾಕಿದೆ.”

“ಹೊರಗಿಂದಽ ಹಾಕಿ ಹೊರಗಽ ಕುಂತೀರಿ. ಮತ್ತ ನೀವು ಉಣ್ಣಾಕ ಒಳಗ ಬಂದ ಮ್ಯಾಲೆ ಆ ಹೊರಗಿನ ಚಿಲಕಾ ಯಾರು ಹಾಕಬೇಕು?”

ಉಳವಪ್ಪ ಚಿಲಕದ ಕಡೆ ನೋಡಿದ, ಓಣಿಯ ಕಡೆ ನೋಡಿದ, ಆಡಿನ ಕಡೆ ನೋಡಿದ. ಎಡಗೈ ತೊಡೆಯ ಮೇಲೆ ಅಲುಗಾಡದೆ ಬಿದ್ದಿತ್ತು.

“ಗೊತ್ತಿಲ್ಲ,” ಎಂದ. ಬಾಯಿಗೆ ರುಚಿ ಹತ್ತಿರಬೇಕು, ಇನ್ನೊಮ್ಮೆ ಅಂದ.